ಬಿಷಪ್ಪರ ಮನೆಯ ಕಾಫಿ

ನಮ್ಮ ಪಂಥದಲ್ಲಿ ಬಿಷಪ್ ಎಂದರೆ ಸಂಬಳದ ಪಾದ್ರಿಯಲ್ಲ. ಚರ್ಚಿನಿಂದ ಕರೆ ಬಂದವನು ಹೊಟ್ಟೆಪಾಡಿನ ಜೊತೆಗೆ ಅದನ್ನೂ ಹೊರಬೇಕು. ಥೇನ್ ಜಾರ್ಗೆನ್ಸನ್ ಹಗಲೆಲ್ಲ ಟರ್ಕಿ ಕೋಳಿಗಳ ಲಾರಿ ಓಡಿಸುತ್ತಿದ್ದ. ಸಂಜೆಯಾದರೆ ಊರಿನ ಗಂಡಹೆಂಡಿರ ಜಗಳ, ದಾರಿ ತಪ್ಪಿದ ಮಕ್ಕಳು, ಸಾವುನೋವು. ಅವನು ಹೊತ್ತದ್ದರಲ್ಲಿ ಅರ್ಧ ಹೆಂಡತಿ ವೆರ್ಲೀನಳ ಹೆಗಲಿಗೆ ಬೀಳುತ್ತಿತ್ತು. ಬಾಣಂತಿಯ ಮನೆಗೆ ಊಟ, ಸಾವಿನ ಮನೆಗೆ ಚೀಸು ಹಾಕಿ ಬೇಯಿಸಿದ ಆಲೂಗಡ್ಡೆ, ಸೋಮವಾರ ಸಂಜೆ ಮೊಮ್ಮಕ್ಕಳನ್ನು ಕೂರಿಸಿಕೊಂಡು ಧರ್ಮಪಾಠ, ಬೆಳಿಗ್ಗೆ ಗಂಡನ ಪಕ್ಕದಲ್ಲಿ ಮಂಡಿಯೂರಿ ಪ್ರಾರ್ಥನೆ. ಆ ಪ್ರಾರ್ಥನೆಯ ನಡುವೆಯೇ ಅವಳಿಗೆ ಮಂಪರು ಹತ್ತುತ್ತಿತ್ತು. ನಂಬಿಕೆಯೇನೂ ಕುಂದಿರಲಿಲ್ಲ, ತ್ರಾಣ ಕುಂದಿತ್ತು.

ನಾನು ಅವರ ಪಕ್ಕದ ಮನೆಯವಳು. ಇದರಲ್ಲಿ ಅರ್ಧ ಕಣ್ಣಾರೆ ಕಂಡದ್ದು, ಇನ್ನರ್ಧ ನಾವಿಬ್ಬರೂ ಪೀಚ್ ಹಣ್ಣು ಬಾಟಲಿಗೆ ತುಂಬುತ್ತ ಕೂತಾಗ ಅವಳು ಹೇಳಿದ್ದು.

ಆ ವಸಂತದಲ್ಲಿ ಥೇನನ ತಮ್ಮ ಲಮಾರ್ ಬಂದ. ಹರೆಯದಲ್ಲೇ ಧರ್ಮ ಬಿಟ್ಟು ನೆವಾಡಾದ ಗಣಿಗೆ ಹೋಗಿದ್ದವನು, ಈಗ ಎದೆಯ ತುಂಬ ಗಣಿಯ ಧೂಳು ತುಂಬಿಕೊಂಡು, ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿಕೊಂಡು ಸಾಯಲು ಬಂದಿದ್ದ. ಬೇರೆ ಯಾರೂ ಇರಲಿಲ್ಲ. ಥೇನ್ ಅವನನ್ನು ಮುಂಗೋಣೆಯಲ್ಲಿ ಮಲಗಿಸಿ ಸಭೆಗೆ ಹೋದ.

ನಮ್ಮ ಪಂಥದವರಿಗೆ ಕಾಫಿ ನಿಷಿದ್ಧ. ಮರುದಿನ ಬೆಳಿಗ್ಗೆ ಲಮಾರ್ ಕೇಳಿದ: "ಅತ್ತಿಗೆ, ಒಂದ್ ಲೋಟ ಕಾಫಿ ಸಿಗುತ್ತಾ?"

"ಈ ಮನೇಲಿ ಕಾಫೀನಾ? ಹುರಿದ ಬಾರ್ಲಿ ಪುಡಿ ಇದೆ, ಬಿಸಿಬಿಸಿಯಾಗಿ ಮಾಡ್ಕೊಡ್ತೀನಿ."

"ಅದು ಕಾಫಿಯ ಹೆಣ ತೊಳೆದ ನೀರು. ಬೇಡ ಬಿಡು."

ಅವನು ತಮಾಷೆಗೆ ಅಂದನೆಂದುಕೊಂಡಳು. ಆದರೆ ಊಟವೂ ಅವನಿಗೆ ಸೇರಲಿಲ್ಲ, ಸೂಪೂ ಇಳಿಯಲಿಲ್ಲ. ಕೊನೆಗೊಂದು ದಿನ ವೆರ್ಲೀನ್ ಪಕ್ಕದೂರಿನ ಅಂಗಡಿಗೆ ಕಾರು ಓಡಿಸಿದಳು. ಹುಟ್ಟಿದಾಗಿನಿಂದ ನಾಲಿಗೆಗೆ ಸೋಕಿಸದ ವಸ್ತುವಿನ ಡಬ್ಬಿಯನ್ನು ಟಿಶ್ಯೂ ಕಾಗದದ ಕಟ್ಟುಗಳಡಿ ಹುದುಗಿಸಿಟ್ಟುಕೊಂಡು, ಕಳ್ಳಿಯ ಹಾಗೆ ಅತ್ತಿತ್ತ ನೋಡುತ್ತ ಮನೆಗೆ ತಂದಳು. ಮಾಡುವುದು ಹೇಗೆಂದು ಲಮಾರನೇ ಹಾಸಿಗೆಯಿಂದ ಕೂಗಿ ಹೇಳಿಕೊಟ್ಟ. ಅಂದು ಅವನು ಕಾಫಿಯ ಜೊತೆ ಬ್ರೆಡ್ಡೂ ತಿಂದ.

ಸಂಜೆ ಥೇನ್ ಬಾಗಿಲಲ್ಲೇ ನಿಂತುಬಿಟ್ಟ. "ಏನಿದು ವಾಸನೆ?"

"ನಿನ್ ತಮ್ಮನ ಊಟ."

"ವೆರ್ಲೀನ್, ನಾನು ಬಿಷಪ್ಪು. ಊರೋರಿಗೆಲ್ಲ ಕುಡೀಬೇಡಿ ಅಂತ ಹೇಳೋನು."

"ಹೇಳು. ಅವನ ಮಂಚದ ಹತ್ರಾನೇ ಹೋಗಿ ಹೇಳು."

ಥೇನ್ ಟೈ ಬದಲಿಸಿಕೊಂಡು ಸಭೆಗೆ ಹೋದ.

ವಾಸನೆ ಪರದೆಗೆ, ಅವಳ ಉಡುಪಿಗೆ, ಕೂದಲಿಗೆ ಹತ್ತಿತು. ಚರ್ಚಿನಲ್ಲಿ ಪಕ್ಕದವರು ಮೂಗರಳಿಸಿದರು. ಒಂದು ಮಧ್ಯಾಹ್ನ ಸಿಸ್ಟರ್ ಮಿಕೆಲ್ಸನ್ ಬ್ರೆಡ್ಡು ಕೊಡುವ ನೆಪದಲ್ಲಿ ಬಂದಳು. ಸಿಸ್ಟರ್ ಎಂದರೆ ಸನ್ಯಾಸಿನಿಯಲ್ಲ, ನಮ್ಮ ಚರ್ಚಿನ ಹೆಂಗಸರನ್ನೆಲ್ಲ ಹಾಗೇ ಕರೆಯುವುದು. ನಮ್ಮ ಬೀದಿಯ ಸುದ್ದಿಗಳೆಲ್ಲ ಅವಳ ಮನೆ ದಾಟಿಯೇ ಮುಂದೆ ಹೋಗಬೇಕು.

"ನಾನೇನೂ ಅನ್ನಲ್ಲಮ್ಮ," ಎಂದಳು. "ಆದ್ರೆ ಬಿಷಪ್ಪರ ಮನೆ ನೋಡು. ಜನ ಏನಂದ್ಕೋತಾರೆ?"

"ಜನಕ್ಕೆ ಹೇಳಿ ಸಿಸ್ಟರ್, ಮಧ್ಯಾಹ್ನದ ಹೊತ್ತು ಬಂದು ಇವನ ಪಕ್ಕ ಸ್ವಲ್ಪ ಕೂತ್ಕೊಳ್ಳಿ ಅಂತ. ನಾನು ಸ್ನಾನ ಮಾಡ್ಕೊಂಡು ಬರ್ತೀನಿ. ಆಮೇಲೆ ಏನ್ ಬೇಕಾದ್ರೂ ಅಂದ್ಕೊಳ್ಳಲಿ."

ಸಿಸ್ಟರ್ ಮಿಕೆಲ್ಸನ್ ಬ್ರೆಡ್ಡು ಮೇಜಿನ ಮೇಲಿಟ್ಟು ಹೊರಟುಹೋದಳು.

ಜುಲೈಯ ಮೊದಲ ಭಾನುವಾರ. ಪ್ರತಿ ತಿಂಗಳೂ ಆ ದಿನ ನಮ್ಮಲ್ಲಿ ಎಲ್ಲರಿಗೂ ಉಪವಾಸ. ಬಾಯಿಗೆ ಹನಿ ನೀರೂ ಹಾಕದೆ ವೆರ್ಲೀನ್ ಲಮಾರನ ಬೆನ್ನು ಒರೆಸಿದಳು, ಹಾಸಿಗೆ ಬದಲಿಸಿದಳು. ಚರ್ಚಿಗೆ ಹೊರಡಲು ಷೂ ಹಾಕಿಕೊಳ್ಳುತ್ತ ಅವನ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತವಳು ಕೂತಲ್ಲೇ ನಿದ್ದೆಹೋದಳು. ಒಂದು ಕಾಲಿಗೆ ಷೂ ಇತ್ತು, ಇನ್ನೊಂದಕ್ಕಿರಲಿಲ್ಲ.

ಅವಳ ಬೆಂಚು ಖಾಲಿಯಿದ್ದದ್ದು ಥೇನನಿಗೆ ವೇದಿಕೆಯಿಂದ ಕಾಣುತ್ತಿತ್ತು. ಮೊದಲ ಸಭೆ ಮುಗಿದದ್ದೇ ಮನೆಗೆ ಓಡಿಬಂದು ಅವಳ ಭುಜಕ್ಕೆ ಕೈ ಹಾಕಿದ.

"ಎಬ್ಬಿಸಿದ್ರೆ ನಿನ್ ಕಾಲು ಮುರೀತೀನಿ," ಎಂದ ಲಮಾರ್. ಚಮಚ ಎತ್ತುವ ಶಕ್ತಿಯೂ ಇರಲಿಲ್ಲ ಅವನಿಗೆ.

ಥೇನ್ ಕೈ ತೆಗೆದ. ತಮ್ಮನ ಕಡೆ ತಿರುಗಿದ. "ನಿಂಗೇನಾದ್ರೂ ಬೇಕಾ?"

"ಬೇಕು. ಏನು ಅಂತ ನಿಂಗೊತ್ತು."

ಬಿಷಪ್ ಜಾರ್ಗೆನ್ಸನ್ ಕೋಟು ಬಿಚ್ಚದೆ ಅಡುಗೆಮನೆಗೆ ಹೋದ. ಎಷ್ಟು ಪುಡಿ, ಎಷ್ಟು ನೀರು ಒಂದೂ ತಿಳಿಯದೆ ಪಾತ್ರೆಗೆ ಸುರಿದು ಕುದಿಸಿ, ಕೆಸರಿನಂಥದ್ದನ್ನು ಲೋಟದಲ್ಲಿ ತಂದ. ಲಮಾರ್ ಒಂದು ಗುಟುಕು ಕುಡಿದು ಮುಖ ಹಿಂಡಿದ.

"ದೇವರನ್ನ ಬಿಟ್ಟು ಮೂವತ್ತು ವರ್ಷ ಆಯ್ತು ಬಿಷಪ್ ಸಾಹೇಬ್ರೆ. ಶಿಕ್ಷೆ ಇವತ್ತು ಸಿಕ್ತು."

ಥೇನನಿಗೆ ನಗು ತಡೆಯಲಾಗಲಿಲ್ಲ. ಅಣ್ಣತಮ್ಮಂದಿರು ಕೆಮ್ಮುತ್ತ ನಕ್ಕರು. ಆ ಸದ್ದಿಗೆ ವೆರ್ಲೀನಳಿಗೆ ಎಚ್ಚರವಾಯಿತು, ಆದರೆ ಕಣ್ಣು ತೆರೆಯಲಿಲ್ಲ.

"ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡ್ಲೇನೋ?" ಎಂದು ಥೇನ್ ಮೆಲ್ಲಗೆ ಕೇಳಿದ್ದು ಅವಳಿಗೆ ಕೇಳಿಸಿತು.

"ಬೇಡ ಕಣಣ್ಣ. ಈ ಲೋಟ ಹಿಡ್ಕೋ. ಕೈ ನಡುಗುತ್ತೆ."

ಥೇನ್ ಹಿಡಿದುಕೊಂಡ. ಫೋನು ಬಡಿದುಕೊಂಡಿತು, ಅವನು ಏಳಲಿಲ್ಲ. ಅಂದು ಉಳಿದ ಸಭೆಗಳು ಬಿಷಪ್ಪರಿಲ್ಲದೆ ನಡೆದವು.

ಆಗಸ್ಟಿನಲ್ಲಿ ಲಮಾರ್ ತೀರಿಕೊಂಡ. ಮಣ್ಣಿನ ದಿನ ಚರ್ಚಿನ ಅಡುಗೆಮನೆಯಲ್ಲಿ ವೆರ್ಲೀನ್ ತನ್ನ ಮನೆಯ ಸಾವಿನ ಊಟಕ್ಕೆ ತಾನೇ ಆಲೂಗಡ್ಡೆ ಸುಲಿಯುತ್ತ ನಿಂತಿದ್ದಳು. ಸಿಸ್ಟರ್ ಮಿಕೆಲ್ಸನ್ ಅವಳ ಕೈಯಿಂದ ಚಾಕು ಕಿತ್ತುಕೊಂಡು, "ಹೋಗಿ ಕೂತ್ಕೊಳ್ಳೇ ಮಾರಾಯ್ತಿ," ಎಂದಳು. ಉಳಿದ ಆಲೂಗಡ್ಡೆಗಳನ್ನು ತಾನೇ ಸುಲಿದಳು.

ಆ ವಾರವೇ ಥೇನ್ ಚರ್ಚಿನ ಮೇಲಿನವರ ಬಳಿ ಹೋಗಿ ತನ್ನನ್ನು ಬಿಷಪ್ಪನ ಹೊಣೆಯಿಂದ ಬಿಡುಗಡೆ ಮಾಡಿರೆಂದು ಕೇಳಿಕೊಂಡ. ಬಂದು ಹೆಂಡತಿಗೆ ಹೇಳಿದ: "ಇನ್ನೊಂದು ವರ್ಷ ತಡ್ಕೊಳ್ಳಿ ಅಂದ್ರು."

"ಸರಿ," ಎಂದಳು ವೆರ್ಲೀನ್. "ನಾನಂತೂ ಈ ಭಾನುವಾರ ಬರಲ್ಲ."

"ಯಾಕೆ, ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ಸುಸ್ತಾಗಿದೆ."

ಭಾನುವಾರ ಚರ್ಚಿನ ಬಾಗಿಲಲ್ಲಿ ಎಲ್ಲರೂ ಕೇಳಿದರು. ಥೇನ್ ಜ್ವರವೆಂದಾಗಲಿ ತಲೆನೋವೆಂದಾಗಲಿ ಹೇಳಲಿಲ್ಲ. "ನಮ್ಮವಳಿಗೆ ಸಾಕಾಗಿದೆ. ಮನೇಲಿದಾಳೆ," ಎಂದ ಪ್ರತಿಯೊಬ್ಬರಿಗೂ.

ಮರುವಾರ ಅವಳು ಬಂದು ನನ್ನ ಪಕ್ಕ ಕೂತಳು. ಎಲ್ಲರೂ ಸ್ತೋತ್ರ ಹಾಡುವಾಗ ಪುಸ್ತಕ ತೆರೆದು ಹಿಡಿದಿದ್ದಳು. ಹಾಡಲು ಮಾತ್ರ ಬಾಯಿ ತೆರೆಯಲಿಲ್ಲ, ಆ ಕೆಲಸವನ್ನು ಅಂದು ನಮಗೇ ಬಿಟ್ಟಿದ್ದಳು.