ಬೆಳಕಿಗೆ ಸರಿಸಿದ ಮೇಜು

ಬಡಗಿ ಮೇಸ್ತ್ರಿಯ ಶೆಡ್ಡಿನಲ್ಲಿ ಆವತ್ತು ಕೆಲಸಕ್ಕಿಂತ ಮಾತೇ ಜಾಸ್ತಿ. ವಿಷಯ ಮೇಸ್ತ್ರಿಯ ಮಗಳದ್ದು. ಹುಡುಗಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಬಾಯಿಗೆ ಮಾತ್ರ ಬಿಡುವೇ ಇಲ್ಲ. ಅದಕ್ಕೇ ಎಲ್ಲರೂ ಅವಳನ್ನು ಮೈನಾ ಅಂತ ಕರೆಯುವುದು. ಈ ಮೈನಾಗೆ ಪರದೇಶದ ವಿಶ್ವವಿದ್ಯಾಲಯವೊಂದರಲ್ಲಿ ಅರ್ಥಶಾಸ್ತ್ರ ಓದಲು ಸೀಟು ಸಿಕ್ಕಿತ್ತು, ಜೊತೆಗೆ ವಿದ್ಯಾರ್ಥಿವೇತನವೂ ಸಿಕ್ಕಿತ್ತು. ಇನ್ನು ಬೀದಿಯವರು ಸುಮ್ಮನಿರುತ್ತಾರೆಯೇ?

“ಅಲ್ಲ ಮೇಸ್ತ್ರಿ, ಮನೆಯಿಂದ ಈ ಶೆಡ್ಡಿಗೆ ಬರೋಕೇ ನೀನು ಅವಳ ಕೈ ಹಿಡ್ಕೊಂಡು ಬರ್ತೀಯ. ಅಲ್ಲಿ ಹಿಡಿಯೋರು ಯಾರು?” ಪಕ್ಕದ ಇಸ್ತ್ರಿ ಅಂಗಡಿಯವನು ಕೇಳಿಯೇಬಿಟ್ಟ.

ಮೇಸ್ತ್ರಿಗೆ ಚುರುಕ್ ಅಂತು. ಅವನ ಮನಸ್ಸಿನಲ್ಲಿದ್ದ ಭಯವೂ ಅದೇ. ಮೂಲೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ಅವನ ಹೆಂಡತಿ ತಲೆ ಎತ್ತಿದಳು.

“ಕೈ ಹಿಡಿಯೋದು ಇವರ ಅಭ್ಯಾಸ ಕಣಣ್ಣ. ಅವಳು ಯಾವತ್ತೂ ಹಿಡ್ಕೋ ಅಂತ ಕೇಳಿಲ್ಲ.”

“ನೀನು ಸುಮ್ನಿರೇ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ?”

“ಅಪ್ಪ, ಹೆಚ್ಚುಕಮ್ಮಿ ಆಗೋದು ನೀನು ಕುಯ್ಯೋ ಹಲಗೆ,” ಅಂದಳು ಪಕ್ಕದಲ್ಲೇ ಕೂತಿದ್ದ ಮೈನಾ. ಮೇಸ್ತ್ರಿ ನಗಲಿಲ್ಲ.

ಕೊನೆಗೆ ಒಂದು ಒಪ್ಪಂದವಾಯಿತು. ಮೇಸ್ತ್ರಿಯೂ ಜೊತೆಗೆ ಹೋಗುವುದು. ಒಂದು ವಾರ ಅಲ್ಲಿದ್ದು ನೋಡುವುದು. ಮಗಳು ಒಬ್ಬಳೇ ಇರುತ್ತಾಳೆ ಅಂತ ಅವನಿಗೆ ಧೈರ್ಯ ಬಂದರೆ ಬಿಟ್ಟು ಬರುವುದು. ಬರದಿದ್ದರೆ ಓದು ಅಲ್ಲಿಗೇ ಮುಗಿಯಿತು, ಇಬ್ಬರೂ ವಾಪಸ್. ಮೈನಾ ಒಪ್ಪಿಕೊಂಡಳು. ಒಪ್ಪದೆ ಅವಳಿಗೆ ಬೇರೆ ದಾರಿ ಇರಲಿಲ್ಲ.

ಅಲ್ಲಿಯ ಹಾಸ್ಟೆಲ್ ಕೋಣೆ ಚಿಕ್ಕದಾದರೂ ಚೊಕ್ಕವಾಗಿತ್ತು. ಬಾಗಿಲ ಪಕ್ಕ ಬಿಳಿ ಕೋಲು ನೇತುಹಾಕಲು ಒಂದು ಕೊಕ್ಕೆ. ಎಡಗೋಡೆಗೆ ಮಂಚ, ಬಲಗೋಡೆಗೆ ಒತ್ತಿದ ಮೇಜು, ನಡುವೆ ಕಿಟಕಿವರೆಗೂ ಖಾಲಿ ಜಾಗ. ಅಡುಗೆಮನೆಯಲ್ಲಿ ಒಲೆಯ ಗುಂಡಿಗಳ ಮೇಲೆ ಸಣ್ಣ ರಬ್ಬರ್ ಚುಕ್ಕಿ ಅಂಟಿಸಿದ್ದರು. ಬೆರಳಿಟ್ಟರೆ ಉರಿ ಎಷ್ಟಿದೆ ಅಂತ ತಿಳಿಯುತ್ತದೆ. ಇದೆಲ್ಲ ತಾನಾಗಿ ಆದದ್ದಲ್ಲ. ಮೈನಾ ಊರು ಬಿಡುವ ಮೊದಲೇ ವಿಶ್ವವಿದ್ಯಾಲಯದ ನೆರವು ವಿಭಾಗಕ್ಕೆ ಫೋನ್ ಮಾಡಿ, ತನಗೆ ಏನೇನು ಬೇಕು ಅಂತ ಬಾಯಿ ಬಿಟ್ಟು ಕೇಳಿದ್ದಳು.

ಮೇಸ್ತ್ರಿಗೆ ಇದ್ಯಾವುದೂ ಕಣ್ಣಿಗೆ ಬೀಳಲಿಲ್ಲ. ರಸ್ತೆಗೆ ಇಳಿದರೆ ಸಾಕು, ಮಗಳ ಮುಂಗೈ ಹಿಡಿದು ದರದರ ಎಳೆಯುತ್ತಿದ್ದ. ಮೊದಲ ದಿನವೇ ಅವಳ ಭುಜ ದೀಪದ ಕಂಬಕ್ಕೆ ಬಡಿಯಿತು. ಹೊಸ ಊರಿನಲ್ಲಿ ಕೋಲು ಹಿಡಿದು ದಾರಿ ಗುರುತು ಮಾಡಿಕೊಳ್ಳುವುದನ್ನು ಕಲಿಸಲು ಒಬ್ಬ ಟೀಚರಮ್ಮ ಬರುತ್ತಿದ್ದಳು. ಆಕೆ ಇದನ್ನು ನೋಡಿ, ಮೇಸ್ತ್ರಿಯ ಕಡೆ ತಿರುಗಿ, ತನ್ನ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳಿದಳು.

“ಏನಂತೆ?” ಮೇಸ್ತ್ರಿ ಮಗಳನ್ನು ಕೇಳಿದ.

“ನೀನು ತುಂಬ ಒಳ್ಳೆ ಅಪ್ಪ ಅಂತೆ.”

“ಅಷ್ಟು ಹೇಳೋಕೆ ಇಷ್ಟು ಹೊತ್ತು ಬೇಕಾ? ಪೂರ್ತಿ ಹೇಳೇ.”

“ಒಳ್ಳೆ ಅಪ್ಪ, ಆದ್ರೆ ಮಗಳನ್ನ ಮೂಟೆ ಎಳ್ದ ಹಾಗೆ ಎಳೀಬೇಡಿ ಅಂದ್ರು. ಸಹಾಯ ಬೇಕಾ ಅಂತ ಮೊದ್ಲು ಕೇಳ್ಬೇಕಂತೆ. ಬೇಕು ಅಂದ್ರೆ ನಿನ್ನ ಮೊಣಕೈ ಕೊಟ್ಟು ಅರ್ಧ ಹೆಜ್ಜೆ ಮುಂದೆ ನಡೀಬೇಕು. ನಾನು ನಿನ್ನ ಹಿಡ್ಕೋಬೇಕು. ನೀನು ನನ್ನ ಹಿಡ್ಕೋಬಾರ್ದು.”

ಮೇಸ್ತ್ರಿ ಮುಖ ಊದಿಸಿಕೊಂಡೇ ಮೊಣಕೈ ಕೊಟ್ಟ. ಅವನು ಮೆಟ್ಟಿಲು ಇಳಿದಾಗ ಅವನ ತೋಳು ಕೆಳಗೆ ಹೋಯಿತು, ಅದರಿಂದಲೇ ಮೈನಾಗೆ ಮೆಟ್ಟಿಲಿದೆ ಅಂತ ಗೊತ್ತಾಯಿತು. ಇದೇನೋ ಸರಿ ಅಂತ ಅವನಿಗೂ ಅನ್ನಿಸಿತು.

ಅನಾಹುತವಾದದ್ದು ಅದಾದ ಮೇಲೆ. ಮೈನಾ ಟೀಚರಮ್ಮನ ಜೊತೆ ತರಗತಿಗೆ ಹೋಗಿದ್ದಳು. ಕೋಣೆಯಲ್ಲಿ ಮೇಸ್ತ್ರಿ ಒಬ್ಬನೇ. ದುಡಿಯುವ ಕೈ, ಸುಮ್ಮನೆ ಕೂತೀತೇ? ಮಗಳ ಕೋಣೆಯನ್ನು ಒಪ್ಪ ಮಾಡೋಣ ಅಂತ ಹೊರಟ. ಔಷಧಿ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿದ. ಪುಸ್ತಕಗಳನ್ನು ಎತ್ತರ ನೋಡಿ ಜೋಡಿಸಿದ. ಆಮೇಲೆ ಮೇಜು ನೋಡಿದ. ಪಾಪ, ಮಗು ಕತ್ತಲಲ್ಲಿ ಕೂತು ಓದುತ್ತಾಳಲ್ಲ ಅನ್ನಿಸಿತು. ಬೆಳಕು ಚೆನ್ನಾಗಿ ಬೀಳಲಿ ಅಂತ ಅದನ್ನು ಎಳೆದು ಕಿಟಕಿಯ ಮುಂದೆ, ಕೋಣೆಯ ನಟ್ಟನಡುವೆ ಹಾಕಿದ.

ನೀವು ನಗುತ್ತಿದ್ದೀರಿ. ನಗಿ, ಪರವಾಗಿಲ್ಲ. ಪ್ರೀತಿ ಜಾಸ್ತಿಯಾದಾಗ ನಮಗೆಲ್ಲ ಬುದ್ಧಿ ಸ್ವಲ್ಪ ಹಿಂದೆ ಬೀಳುತ್ತದೆ.

ಮೈನಾ ಖುಷಿಯಲ್ಲಿ ಬಂದಳು. ಕೋಲನ್ನು ಕೊಕ್ಕೆಗೆ ಹಾಕಿ, “ಅಪ್ಪ, ಇವತ್ತು ಏನಾಯ್ತು ಗೊತ್ತಾ?” ಅನ್ನುತ್ತ ಕಿಟಕಿಯ ಕಡೆ ಸರಸರ ನಡೆದಳು. ಧಡಾರ್ ಅಂತು. ಮೊಣಕಾಲು ಮೇಜಿನ ಮೂಲೆಗೆ ಬಡಿದು ರಕ್ತ ಬಂತು. ನೋವು ನುಂಗಿಕೊಂಡು ಔಷಧಿ ಡಬ್ಬಿಗೆ ಕೈ ಹಾಕಿದಳು. ಡಬ್ಬಿ ಇಲ್ಲ. ಹಲಗೆಯ ಉದ್ದಕ್ಕೂ ತಡವಿದಳು, ಪುಸ್ತಕಗಳು ದಬದಬ ಉರುಳಿದವು. ಹಾಗೆ ತಡಕಾಡುವ ಮಗಳನ್ನು ನೋಡಿ ಮೇಸ್ತ್ರಿ ಓಡಿ ಬಂದು ಅವಳ ಕೈ ಹಿಡಿದ.

“ಮುಗೀತಮ್ಮ. ಸಾಮಾನು ಕಟ್ಟು, ಊರಿಗೆ ಹೋಗೋಣ. ಕೋಣೆಯೊಳಗೇ ಹೀಗಾದ್ರೆ ಹೊರಗಿನ ಗತಿ ಏನು?”

“ಮೇಜು ಸರಿಸಿದ್ದು ಯಾರಪ್ಪ?” ಮೊಣಕಾಲು ಒತ್ತಿ ಹಿಡಿದುಕೊಂಡು ಅವಳು ಕೇಳಿದಳು.

“ನಾನೇ. ಸರಿಸಿದ್ರೆ ಏನಾಯ್ತು? ಒಂದು ಮೇಜು ಸರಿಸಿದ್ರೆ ಬೀಳೋಳು ಇಲ್ಲಿ ಹೇಗೆ ಬದುಕ್ತೀಯ?”

ಮೈನಾ ಮಂಚದ ಮೇಲೆ ಕೂತು ಅತ್ತಳು. ಇಷ್ಟು ದೂರ ಬಂದ ಮೇಲೆ, ಅದೂ ತನ್ನದಲ್ಲದ ತಪ್ಪಿಗೆ ವಾಪಸ್ ಹೋಗಬೇಕಲ್ಲ ಅಂತ ಅವಳಿಗೆ ಸಿಟ್ಟು. ಮೇಸ್ತ್ರಿ ಹೆಂಡತಿಗೆ ಫೋನ್ ಹಚ್ಚಿದ. ಅವಳು ಎಲ್ಲ ಕೇಳಿಸಿಕೊಂಡಳು.

“ರೀ, ಶೆಡ್ಡಲ್ಲಿ ಕರೆಂಟ್ ಹೋದ್ರೂ ನಿಮ್ಮ ಕೆಲಸ ನಿಲ್ಲಲ್ಲ. ಕೈ ಹಾಕಿದ ಕಡೆ ಉಳಿ ಸಿಗುತ್ತೆ. ಹೌದು ತಾನೆ?”

“ಹೌದು. ಅದಕ್ಕೂ ಇದಕ್ಕೂ ಏನೇ ಸಂಬಂಧ?”

“ಹೋದ ತಿಂಗಳು ಶೆಡ್ಡು ಗುಡಿಸುವಾಗ ನಿಮ್ಮ ಉಳಿ ಎತ್ತಿ ಬೇರೆ ಕಡೆ ಇಟ್ಟೆ. ಬೀದಿಗೆಲ್ಲ ಕೇಳೋ ಹಾಗೆ ಕೂಗಾಡಿದ್ರಿ. ಆವತ್ತು ನಿಮಗೆ ಮರಗೆಲಸ ಬರಲ್ಲ ಅಂತ ನಾನೇನಾದ್ರೂ ಅಂದ್ನಾ?”

ಮೇಸ್ತ್ರಿ ಫೋನ್ ಇಟ್ಟು, ಮೊದಲು ಮಗಳ ಮೊಣಕಾಲಿಗೆ ಔಷಧಿ ಹಚ್ಚಿದ. ಆಮೇಲೆ ಮೇಜನ್ನು ಗೋಡೆಗೆ ಒತ್ತಿದ. “ಇನ್ನೇನೇನು ಎಲ್ಲೆಲ್ಲಿತ್ತು ಹೇಳಮ್ಮ, ಇಡ್ತೀನಿ,” ಅಂದ. ಮೈನಾ ಒಂದೊಂದೇ ಹೇಳಿದಳು, ಅವನು ಒಂದೊಂದೇ ಇಟ್ಟ.

“ತಪ್ಪು ನಂದೇ. ಆದ್ರೂ ನನಗೆ ಭಯ ಹೋಗಿಲ್ಲ ಕಣಮ್ಮ. ಸುಳ್ಳು ಯಾಕೆ ಹೇಳ್ಲಿ?”

“ಹಾಗಾದ್ರೆ ನಾಳೆ ನಾನೊಬ್ಬಳೇ ತರಗತಿಗೆ ಹೋಗ್ತೀನಿ. ನೀನು ಹಿಂದೆ ಬಾ. ಮುಟ್ಟಬಾರ್ದು, ಮಾತಾಡ್ಬಾರ್ದು. ಪ್ರಾಣಕ್ಕೆ ಅಪಾಯ ಅನ್ನಿಸಿದ್ರೆ ಮಾತ್ರ ಕೂಗು.”

ಮರುದಿನ ಮೈನಾ ಮುಂದೆ, ಮೇಸ್ತ್ರಿ ಹಿಂದೆ. ಕೋಲಿನ ತುದಿ ನೆಲವನ್ನು ಅತ್ತಿತ್ತ ತಟ್ಟುತ್ತ ಹೋಯಿತು. ದೊಡ್ಡ ರಸ್ತೆಯ ಸಿಗ್ನಲ್ ಕಂಬದ ಗುಂಡಿ ಒತ್ತಿ ಅವಳು ನಿಂತಳು. ದಾಟುವ ಸಮಯ ಬಂದಾಗ ಕಂಬ ಟಿಕ್ ಟಿಕ್ ಅಂತು. ವಾಹನಗಳ ಸದ್ದು ನಿಂತದ್ದನ್ನು ಕಿವಿಗೊಟ್ಟು ಕೇಳಿಯೇ ಹೆಜ್ಜೆ ಇಟ್ಟಳು. ಮೇಸ್ತ್ರಿ ಅವಳ ಬೆನ್ನಿಗೇ ಕಣ್ಣಿಟ್ಟು ಹಿಂದೆಯೇ ದಾಟಿದ.

ಆ ಕಡೆ ಹೋದ ಮೇಲೆ ಬಲಕ್ಕೆ ತಿರುಗಬೇಕಾದವಳು ಒಂದು ತಿರುವು ಮೊದಲೇ ತಿರುಗಿಬಿಟ್ಟಳು. ದಾರಿ ತಪ್ಪಿತು. ಮೇಸ್ತ್ರಿಯ ಬಾಯಿ ತೆರೆಯಿತು. ಮಾತು ಕೊಟ್ಟದ್ದು ನೆನಪಾಗಿ ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಹೆಂಡತಿ ನೋಡಿದ್ದರೆ ಫೋಟೋ ತೆಗೆಯುತ್ತಿದ್ದಳು.

ಮೈನಾ ಸ್ವಲ್ಪ ದೂರ ನಡೆದು ತಾನಾಗಿಯೇ ನಿಂತಳು. ಕೋಲಿನಿಂದ ನೆಲ ನೋಡಿದಳು. ಇಲ್ಲಿ ಕಲ್ಲು ಹಾಸಿದ್ದರು, ಅವಳ ದಾರಿಯಲ್ಲಿ ಕಲ್ಲು ಇರಲಿಲ್ಲ. ಎದುರಿಗೆ ಯಾರದೋ ಹೆಜ್ಜೆ ಸದ್ದು ಕೇಳಿ ಅವರನ್ನು ಮಾತಾಡಿಸಿದಳು. ಎದುರಿಗೆ ಬಂದವಳು ಒಬ್ಬ ಮುದುಕಿ, ಅವಳು ದಾರಿ ಹೇಳಿದಳು. ಮೈನಾ ಏನೋ ತಮಾಷೆ ಮಾಡಿದಳು, ಇಬ್ಬರೂ ನಕ್ಕರು. ಬಂದ ದಾರಿಯಲ್ಲೇ ಹಿಂದಿರುಗಿ, ಸರಿಯಾದ ತಿರುವು ಹಿಡಿದು, ಕಾಲೇಜಿನ ಬಾಗಿಲಿಗೆ ಹೋಗಿ ನಿಂತಳು.

“ಅಪ್ಪ, ಇದೀಯಾ?”

“ಇದ್ದೀನಿ. ದಾರಿ ತಪ್ಪಿದೆಯಲ್ಲೇ!”

“ಹೌದು, ತಪ್ಪಿದೆ. ಕೇಳ್ಕೊಂಡು ಬಂದೆ. ಕಣ್ಣಿರೋ ನೀನು ನಿನ್ನೆ ಅಂಗಡಿಗೆ ಹೋದೋನು ದಾರಿ ತಪ್ಪಿ ಎಷ್ಟು ಹೊತ್ತಾದ್ಮೇಲೆ ಬಂದೆ?”

ತರಗತಿಯಲ್ಲಿ ಹಿಂದಿನ ಬೆಂಚಿನ ಮೇಲೆ ಅವನೂ ಕೂತ. ಪ್ರಾಧ್ಯಾಪಕರು ಹಲಗೆಯ ಮೇಲೆ ಬರೆದದ್ದನ್ನೆಲ್ಲ ಬಾಯಲ್ಲೂ ಹೇಳುತ್ತಿದ್ದರು. ಮೈನಾಳ ಕಂಪ್ಯೂಟರ್ ಪರದೆಯ ಮೇಲಿನ ಅಕ್ಷರವನ್ನು ಅವಳ ಕಿವಿಗೆ ಓದಿ ಹೇಳುತ್ತಿತ್ತು. ಬೆಲೆ ಏರುವುದು ಇಳಿಯುವುದನ್ನು ತೋರಿಸುವ ಗೆರೆಗಳನ್ನು ಅವಳಿಗಾಗಿ ಉಬ್ಬು ಹಾಳೆಯಲ್ಲಿ ಮಾಡಿ ಕೊಟ್ಟಿದ್ದರು. ಮೇಸ್ತ್ರಿ ಆಮೇಲೆ ಆ ಹಾಳೆಯ ಮೇಲೆ ಬೆರಳಾಡಿಸಿ, “ಗೆರೆ ನುಣುಪಾಗಿದೆ, ಒಳ್ಳೆ ಕೆಲಸ,” ಅಂದ. ಪಾಠದ ನಡುವೆ ಮೈನಾ ಎದ್ದು ಒಂದು ಪ್ರಶ್ನೆ ಕೇಳಿದಳು. ತರಗತಿಯಲ್ಲಿ ದೊಡ್ಡ ಚರ್ಚೆಯೇ ಶುರುವಾಯಿತು. ಮೇಸ್ತ್ರಿಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ತನ್ನ ಮಗಳ ಮಾತಿಗೆ ಅಷ್ಟು ಜನ ಉತ್ತರ ಹುಡುಕುತ್ತಿದ್ದಾರೆ ಅನ್ನುವುದು ತಿಳಿಯಿತು. ಅವನಿಗೆ ಹೆಮ್ಮೆಯಾಯಿತು, ತುಂಬ ಹೆಮ್ಮೆಯಾಯಿತು.

ವಾರ ಮುಗಿದ ಬೆಳಿಗ್ಗೆ ಮೇಸ್ತ್ರಿ ತನ್ನ ಚೀಲವೊಂದನ್ನೇ ಕಟ್ಟಿದ. ವಿಮಾನ ನಿಲ್ದಾಣದ ಬಸ್ಸಿಗೆ ಕಳಿಸಲು ಮೈನಾಳೇ ಬಂದಳು. ದಾರಿಯುದ್ದಕ್ಕೂ ಅವನು ಹೇಳಿದ್ದನ್ನೇ ಹೇಳಿದ: ಹೊತ್ತಿಗೆ ಸರಿಯಾಗಿ ಊಟ ಮಾಡು, ಬೆಚ್ಚಗಿರು, ದಿನಾ ಫೋನ್ ಮಾಡು. ಅವಳು ಹೂಂ ಹೂಂ ಅಂದಳು. ಬಸ್ಸು ಬಂತು. ಬಾಗಿಲ ಹತ್ತಿರ ಹೋಗಿ ಮೈನಾ ಡ್ರೈವರಿಗೆ ಏನೋ ಹೇಳಿದಳು. ಡ್ರೈವರ್ ಮೇಸ್ತ್ರಿಯನ್ನು ನೋಡಿ ನಕ್ಕು ತಲೆಯಾಡಿಸಿದ.

“ಏನಂದೆ ಅವನಿಗೆ?”

“ನಮ್ಮಪ್ಪ ಈ ಊರಿಗೆ ಹೊಸಬರು, ಇಳಿಯೋ ಜಾಗ ಬಂದಾಗ ಸ್ವಲ್ಪ ನೋಡಿ ಇಳಿಸಿ ಅಂದೆ.”

ಮೇಸ್ತ್ರಿ ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡು ಬಸ್ಸು ಹತ್ತಿದ.

ಬಂಧುಗಳೇ, ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಕಣ್ಣು ಕಾಣದ ಮಗುವಿದೆಯೇ? ಅದಕ್ಕೆ ಕೋಲು ಹಿಡಿದು ನಡೆಯುವುದನ್ನು, ಓದಿ ಹೇಳುವ ಫೋನು ಬಳಸುವುದನ್ನು, ತನ್ನ ಅಡುಗೆ ತಾನೇ ಮಾಡಿಕೊಳ್ಳುವುದನ್ನು ಈಗಲೇ ಕಲಿಸಿ. ದೂರದ ಕಾಲೇಜಿಗೆ ಸೇರುವುದಾದರೆ ಅಲ್ಲಿ ಏನು ನೆರವು ಸಿಗುತ್ತದೆ ಅಂತ ಹೊರಡುವ ಮೊದಲೇ ಕೇಳಿ. ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. ಅವರ ವಸ್ತುಗಳ ಜಾಗವನ್ನು ಅವರಿಗೆ ಹೇಳದೆ ಬದಲಿಸಬೇಡಿ. ಬೇಕೇ ಅಂತ ಕೇಳಿ ಮೊಣಕೈ ಕೊಡಿ. ಸೀಟು ಸಿಕ್ಕಿದ ದಿನ ನಿಮಗೆ ಭಯವಾಗುತ್ತದೆ, ಅಳುವೂ ಬರುತ್ತದೆ. ಬಂದರೆ ಅತ್ತುಬಿಡಿ. ಆದರೆ ಕಳಿಸಿ.