ಪಂಕ್ತಿಯಿಂದ ಎದ್ದವನು

ಜರ್ಮನಿ ಕೊಟ್ಟ ಗ್ರೀನ್ ಕಾರ್ಡ್ ಹಿಡಿದು ಹರ್ಟ್ಸೋಗೆನಾವ್‌ರಾಕಿಗೆ ಬಂದಿಳಿದ ಕನ್ನಡಿಗರಿಗೆ ಆ ವರ್ಷ ಯುಗಾದಿ ಮಾಡಲು ಜಾಗ ಸಿಗಲಿಲ್ಲ. ಹಿಂದಿನ ದೀಪಾವಳಿಯಲ್ಲಿ ಇಂಗಿನ ಒಗ್ಗರಣೆಯ ಹೊಗೆ ಛಾವಣಿಯ ಅಲಾರಂ ಮುಟ್ಟಿ, ಅಗ್ನಿಶಾಮಕದವರು ಹೆಲ್ಮೆಟ್ ಹಾಕಿಕೊಂಡು ಹೋಳಿಗೆಯ ನಡುವೆ ನುಗ್ಗಿದ್ದರು. ಅಂದಿನಿಂದ ಯಾವ ಸಭಾಂಗಣದವರೂ ಇವರಿಗೆ ಬಾಗಿಲು ತೆರೆಯಲೊಲ್ಲರು.

‘ನಮ್ಮ ಲಿಂಡೆ ಐತಲ್ಲ? ಹೈಕೆ ಇಲ್ಲ ಅನ್ನಂಗಿಲ್ಲ,’ ಎಂದ ಸುನಿಲಕುಮಾರ.

ದ್ವಾರಕನಾಥ ತಲೆಯೆತ್ತಿ ನೋಡಿದ. ‘ಅಲ್ಲಿಗಾ? ನಮ್ಮವರನ್ನೆಲ್ಲ ಕರ್ಕೊಂಡು? ಎಂತ ಹೇಳ್ತಿ ಮಾರಾಯ?’

‘ರವಿವಾರ ಮಧ್ಯಾಹ್ನ ಅದು ಬರೇ ಹೊಟೇಲು, ದ್ವಾರಕ. ಯಾರಿಗೇನು ತಿಳೀತೈತಿ?’

ಲಿಂಡೆ ಎಂಬುದು ಆ ಸಣ್ಣ ಊರಿನ ಅಂಚಿನಲ್ಲಿದ್ದ ಕೆಫೆ. ಶುಕ್ರವಾರ ಸಂಜೆ ಅದನ್ನು ನಡೆಸುವ ಹೈಕೆಯೂ ಅವಳ ಸಂಗಾತಿಯೂ ಮೇಜುಗಳನ್ನು ಗೋಡೆಗೆ ಸರಿಸಿ ಹಾಡು ಹಾಕುತ್ತಿದ್ದರು. ಆಗ ಅಲ್ಲಿ ಗಂಡಸು ಗಂಡಸಿನ ಕೈ ಹಿಡಿದು ಕುಣಿಯಬಹುದು, ಹೆಂಗಸು ಹೆಂಗಸಿನ ಹೆಗಲಿಗೆ ಒರಗಬಹುದು. ಸುತ್ತಲ ಹಳ್ಳಿಗಳಿಂದ ರೈತರ ಮಕ್ಕಳು ಬರುತ್ತಿದ್ದರು. ರೈಲಿನ ಟಿಕೆಟ್ ಕಲೆಕ್ಟರೊಬ್ಬ ಬರುತ್ತಿದ್ದ. ಮೇಷ್ಟ್ರೊಬ್ಬರು ಕಾರನ್ನು ಆಚೆ ಬೀದಿಯಲ್ಲಿ ಮರೆಮಾಡಿ ನಡೆದು ಬರುತ್ತಿದ್ದರು. ಉಡುಪಿ ಕಡೆಯ ದ್ವಾರಕನಾಥ ಮಾತು ಕಡಿಮೆಯವನು. ಅಜ್ಜನ ಕಾವ್ಯವಾಚನಕ್ಕೆ ಕಂಬಕ್ಕೊರಗಿ ಕಿವಿಗೊಟ್ಟು ಬೆಳೆದವನು, ಇಲ್ಲಿಯೂ ಮೂಲೆ ಹಿಡಿದು ಹಾಡು ಕೇಳುತ್ತಿದ್ದ. ಅವನನ್ನು ಆ ಮೂಲೆಯಿಂದ ಕೈಹಿಡಿದು ಎಳೆದವನು ಧಾರವಾಡದ ಸುನಿಲ. ದೀಪದ ಬೆಳಕಿನಲ್ಲಿ, ನಾಲ್ಕು ಜನರೆದುರು, ಸುನಿಲನ ಕೈ ಅವನ ಕೈಯಲ್ಲಿರುತ್ತಿದ್ದುದು ಇಡೀ ಲೋಕದಲ್ಲಿ ಆ ಒಂದೇ ಜಾಗದಲ್ಲಿ.

ಹಾಗಾಗಿ ಹೆದರಿಕೆಯ ಅಡಿಯಲ್ಲೇ ಒಂದು ಆಸೆಯೂ ಎದ್ದಿತು. ಆ ಸೂರಿನಡಿ ತಮ್ಮವರೆಲ್ಲ ಕೂತು ಉಣ್ಣುವುದೆಂದರೆ, ಹೇಳದೆಯೇ ಮನೆ ತುಂಬಿಸಿಕೊಂಡ ಹಾಗಲ್ಲವೇ?

ಹೈಕೆ ಬಾಡಿಗೆಯ ಮಾತೇ ಎತ್ತಲಿಲ್ಲ. ‘ಬಾಗಿಲ ಬಳಿಯ ಹಲಗೆ ತೆಗೆದಿಡಲೇ?’ ಎಂದು ಮಾತ್ರ ಕೇಳಿದಳು. ವಾರದ ಕಾರ್ಯಕ್ರಮಗಳನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದಿಡುವ ಕರಿಹಲಗೆ ಅದು. ಸುನಿಲ ನಕ್ಕುಬಿಟ್ಟ. ‘ಇರಲಿ ಬಿಡು. ನಮ್ಮ ಮಂದಿ ಮೆನು ಬಿಟ್ರ ಬ್ಯಾರೆ ಏನೂ ಓದಂಗಿಲ್ಲ.’

ಭಾನುವಾರ ನೆಲಕ್ಕೆ ಬೆಡ್‌ಶೀಟು ಹಾಸಿ ಪಂಕ್ತಿ ಹಾಕಿದರು. ಕಾಗದದ ತಟ್ಟೆಗೂ ಎಲೆ ಎಂದೇ ಹೆಸರು. ಕಾರು ಕಂಪನಿಯ ಹಿರಿಯ ಎಂಜಿನಿಯರ್ ಶಿವಪ್ಪ, ಈ ಕೂಟಕ್ಕೆಲ್ಲ ಹಿರಿಯಣ್ಣ, ಮೊದಲ ಎಲೆಗೆ ಕೂತರು. ಅವರ ಬಲಕ್ಕೆ ಗದಗದಿಂದ ಮಗನನ್ನು ನೋಡಲು ಬಂದಿದ್ದ ತಾಯಿ ಬಸಕ್ಕ, ಎಡಕ್ಕೆ ಸುನಿಲ. ದ್ವಾರಕನಾಥ ಪಂಚೆ ಬಿಗಿದು ಬಡಿಸಲು ನಿಂತ.

‘ಏ ಉಡುಪಿಯವರ, ನಿಮ್ಮ ಕಡೆ ಉಣ್ಣೋವಾಗ ಪದ್ಯ ಹೇಳ್ತಾರಂತಲ್ಲ, ಒಂದು ಆಗಲಿ,’ ಎಂದರು ಶಿವಪ್ಪ.

ಸಾರಿನ ಸೌಟು ಹಿಡಿದೇ ದ್ವಾರಕನಾಥ ಅಜ್ಜನ ರಾಗದಲ್ಲಿ ಒಂದು ಪದ್ಯ ಎತ್ತಿದ. ಮುಗಿದಾಗ ‘ಗೋವಿಂದಾ’ ಎನ್ನಬೇಕಾದಲ್ಲಿ ಗದಗ ಧಾರವಾಡದವರೆಲ್ಲ ಒಟ್ಟಾಗಿ ‘ಹರ ಹರ ಮಹಾದೇವ’ ಎಂದರು. ನಗೆ ಎದ್ದಿತು. ಸುನಿಲ ಕತ್ತೆತ್ತಿ ನೋಡಿದ ನೋಟದಲ್ಲಿ ಶುಕ್ರವಾರವಿತ್ತು.

ಆಗಲೇ ಶಿವಪ್ಪನವರ ಮಗಳು ಪವಿ, ಬೇಗ ಉಂಡೆದ್ದವಳು, ಬಾಗಿಲ ಬಳಿಯಿಂದ ಕೂಗಿದಳು. ಜರ್ಮನ್ ಶಾಲೆಯ ಹುಡುಗಿ. ಅವಳಿಗೆ ಓದಲು ಸಿಕ್ಕದ್ದೆಲ್ಲ ಓದುವ ಚಟ.

‘ಪಪ್ಪಾ, ಶುಕ್ರವಾರ ಇಲ್ಲಿ ಗಂಡಸ್ರು ಗಂಡಸ್ರ ಜೊತಿ ಡಾನ್ಸ್ ಮಾಡ್ತಾರಂತ! ಹೆಂಗಸ್ರು ಹೆಂಗಸ್ರ ಜೊತಿ!’

ಕೈಗಳು ಎಲೆಯ ಮೇಲೆ ನಿಂತವು. ಶಿವಪ್ಪ ‘ಹಂಗೇನು?’ ಎಂದು ಹುಬ್ಬೇರಿಸಿದರು. ಬಸಕ್ಕ ಹೋಳಿಗೆ ಮುರಿಯುತ್ತ, ‘ಕುಣಿದ್ರ ಕುಣೀಲಿ ಬಿಡ. ಏ ತಮ್ಮಾ, ಒಂಚೂರು ತುಪ್ಪ ಹಾಕು,’ ಎಂದಳು. ಆ ಕೊನೆಯಲ್ಲಿ ಯಾರೋ ಕಿಸಕ್ಕೆಂದರು. ಅಷ್ಟೇ. ಇನ್ನೊಂದು ಸುತ್ತು ಅನ್ನ ಬಂದಿದ್ದರೆ ಮಾತು ಅನ್ನದಡಿ ಮುಚ್ಚಿಹೋಗುತ್ತಿತ್ತು.

ಸುನಿಲ ಎದ್ದು ನಿಂತ. ಎಂಜಲುಗೈ ಗಾಳಿಯಲ್ಲಿತ್ತು.

‘ನನಗ ಗೊತ್ತಿರಲಿಲ್ಲ, ಶಿವಪ್ಪಣ್ಣ. ಖರೇ ಹೇಳ್ತೀನಿ. ಜಾಗಾ ನೋಡಿದಾವ ಈ ದ್ವಾರಕ. ಇಂಥಾ ಮಂದಿ ಜೊತಿ ಇವನ ಓಡಾಟ ಐತಿ ಅಂತ ಕೇಳಿದ್ದೆ, ನಂಬಿರಲಿಲ್ಲ. ಹೆಣ್ಣುಮಕ್ಕಳು, ಸಣ್ಣ ಹುಡುಗರು ಬರೋ ಹಬ್ಬಕ್ಕ ಇಲ್ಲಿಗೆ ಕರಕೊಂಡ ಬಂದಾನ ನೋಡ್ರಿ. ಇಲ್ಲಿ ನನಗ ತುತ್ತು ಇಳಿಯಂಗಿಲ್ಲ.’

ಯಾರೂ ಅವನನ್ನು ಏನೂ ಕೇಳಿರಲಿಲ್ಲ. ತನ್ನತ್ತ ಯಾರಾದರೂ ಬೆರಳು ತೋರಿಸುವ ಮೊದಲೇ ಹೆದರಿ, ಪಕ್ಕದವನನ್ನು ಮುಂದೆ ತಳ್ಳಿದ್ದ. ದ್ವಾರಕನಾಥನ ಕೈಯ ಸೌಟಿನಿಂದ ಸಾರು ಪಂಚೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಬಿಸಿ ಅವನಿಗೆ ತಾಗಲಿಲ್ಲ. ‘ಸುನಿಲ’ ಎಂದ. ಸುನಿಲ ಗೋಡೆ ನೋಡುತ್ತಿದ್ದ.

ಪಂಕ್ತಿಯಲ್ಲಿ ಒಬ್ಬ ಹೀಗೆ ಎದ್ದು ಆಡಿದ ಮೇಲೆ ಕೂತವರ ಊಟ ಊಟವಾಗಿ ಉಳಿಯುವುದಿಲ್ಲ. ಶಿವಪ್ಪ ತುತ್ತನ್ನು ಎಲೆಗೆ ಇಳಿಸಿದರು. ‘ತಪ್ಪು ತಿಳೀಬ್ಯಾಡ್ರೀ,’ ಎಂದು ನೆಲಕ್ಕೆ ಹೇಳಿ ಎದ್ದರು. ಅವರ ಹಿಂದೆ ಸಾಲು ಎದ್ದಿತು. ಕೋಟುಗಳು, ಚಪ್ಪಲಿಗಳು, ಮಕ್ಕಳ ಅಳು. ಅಡುಗೆಮನೆಯ ಬಾಗಿಲಲ್ಲಿ ಹೈಕೆ, ಇವರಿಗೆ ಬೇಸರವಾಯಿತೋ ಊಟ ಖಾರವಾಯಿತೋ ತಿಳಿಯದೆ, ನೀರಿನ ಜಗ್ಗು ಹಿಡಿದು ನಿಂತಿದ್ದಳು.

ಬಸಕ್ಕ ಏಳಲಿಲ್ಲ.

‘ಅವ್ವಾ, ಕಾರು ತರ್ತೀನಿ, ಏಳು.’

‘ನೀ ತಾರಪಾ. ಎಲಿಯಾಗ ಅನ್ನ ಬಿಟ್ಟು ಏಳೋದು ನಮ್ಮ ಮನಿಯಾಗ ಇಲ್ಲ.’

ಶಿವಪ್ಪ ಹೋದರು. ದ್ವಾರಕನಾಥ ಅವಳಿಗೆ ಮಜ್ಜಿಗೆ ಹಾಕಿ, ಎದುರಿನ ಖಾಲಿ ಎಲೆಯ ಬಳಿ ಕೂತ. ಬಸಕ್ಕ ಮಜ್ಜಿಗೆ ಅನ್ನ ಕಲಸುತ್ತ ಮೆಲ್ಲಗೆ ಕೇಳಿದಳು:

‘ಆ ಸುನಿಲ ನಿನಗೇನಾಗಬೇಕಪಾ?’

ಅವನು ಮಜ್ಜಿಗೆಯ ಪಾತ್ರೆಯನ್ನು ಅವಳತ್ತ ಸರಿಸಿದ.

‘ಅಲ್ಲ, ನೀವಿಬ್ರೂ ಭಾಳ ಸನೇದವ್ರು ಅಂತ ಕೇಳೀನಿ, ಅದಕ್ಕ ಕೇಳ್ತೀನಿ. ನನ್ನ ಮಗಳ ಮಗಳ್ನ ಅವನಿಗೆ ಕೊಡೋದು ಮಾತಾಗೈತಿ. ಸಂಕ್ರಾಂತಿಯಾಗ ಅವನೇ ಒಪ್ಪಿಗಿ ಕೊಟ್ಟಾನ. ಜೊತಿಗಿದ್ದವ್ರಿಗೇ ಗೊತ್ತಿರತೈತಿ ನೋಡು. ಹುಡುಗ ಹ್ಯಾಂಗ?’

ಸಂಕ್ರಾಂತಿ. ಆ ವಾರ ಹಿಮ ಬಿದ್ದಿತ್ತು. ಸುನಿಲ ದ್ವಾರಕನಾಥನ ಮನೆಯಲ್ಲೇ ಇದ್ದ. ಎಳ್ಳುಬೆಲ್ಲ ಕೈಗಿಟ್ಟು, ಒಳ್ಳೇದು ಮಾತಾಡು ಎಂದು ನಕ್ಕಿದ್ದ.

ಬಾಗಿಲಲ್ಲಿ ನೆರಳಾಯಿತು. ಬಸಕ್ಕನನ್ನು ಕರೆದೊಯ್ಯಲು ಸುನಿಲನೇ ಬಂದಿದ್ದ. ಪ್ರಶ್ನೆ ಅವನ ಕಿವಿಗೂ ಬಿದ್ದಿತ್ತು. ಹೊಸಿಲಲ್ಲೇ ನಿಂತು, ದ್ವಾರಕನಾಥನ ಕಣ್ಣಿಗೆ ಕಣ್ಣಿಟ್ಟು, ಬೇಡ ಎಂಬಂತೆ ತುಸುವೇ ತಲೆಯಾಡಿಸಿದ. ಬೇಡಿಕೊಳ್ಳುವ ನೋಟ. ಒಂದು ಮಾತಿನಿಂದ ಅವನನ್ನು ಮುಗಿಸಬಹುದಿತ್ತು. ಒಂದು ಮಾತಿನಿಂದ ಉಳಿಸಲೂಬಹುದಿತ್ತು. ಉಳಿಸಿದರೆ ಗದಗದಲ್ಲಿ, ತಾನು ಮುಖವನ್ನೂ ಕಾಣದ ಒಬ್ಬ ಹುಡುಗಿ ಇದೇ ಗೋಡೆ ನೋಡುವ ಕಣ್ಣಿನೆದುರು ಬದುಕು ಸವೆಸಬೇಕು.

ದ್ವಾರಕನಾಥ ತಡವರಿಸಲಿಲ್ಲ. ದನಿಯೂ ಏರಲಿಲ್ಲ.

‘ಜೊತೆಗೆ ಉಣ್ಣುವವರನ್ನು ಬಿಟ್ಟು ಏಳುವವ, ಅಮ್ಮ. ಕೊಡಬೇಡಿ.’

ಬಸಕ್ಕ ಕೊನೆಯ ತುತ್ತು ನುಂಗಿ, ಬೆರಳು ನೆಕ್ಕಿ, ಎಲೆಯಲ್ಲೇ ಕೈ ತೊಳೆದಳು. ‘ಅದನ್ನ ನಾನೂ ನೋಡಿದೆನಪಾ,’ ಎಂದಳು. ಗೋಡೆ ಹಿಡಿದು ತಾನೇ ಎದ್ದು, ಸುನಿಲ ಚಾಚಿದ ಕೈ ಕಾಣದವಳಂತೆ ಹೊರಗೆ ನಡೆದಳು.

ಸುನಿಲ ಅಲ್ಲೇ ಉಳಿದ. ಅವನ ಮುಖದಲ್ಲಿ ನಾಚಿಕೆ ಇರಲಿಲ್ಲ, ನೋವಿತ್ತು. ಮೋಸ ಹೋದವನು ತಾನೇ ಎಂಬ ನೋವು. ಅದನ್ನು ಕಂಡು ದ್ವಾರಕನಾಥನ ಎದೆಯಲ್ಲಿ ಉಳಿದಿದ್ದ ಕೊನೆಯದೂ ಕಳಚಿ ಬಿತ್ತು.

‘ನೀ ಹಿಂಗ ಮಾಡ್ತಿ ಅನ್ಕೊಂಡಿರಲಿಲ್ಲ, ಗುರು,’ ಎಂದ ಸುನಿಲ.

ಗುರು. ಬಸ್‌ಸ್ಟಾಪಿನಲ್ಲಿ ಸಿಕ್ಕ ಯಾವ ಹುಡುಗನನ್ನಾದರೂ ಕರೆಯುವ ಹೆಸರು.