ಗುಂಡುಕಲ್ಲಿನ ಪಿಎಚ್‌ಡಿ

"ಅಂಡು ಊರಿ ಕೂತ್ಕೊಳ್ಳೋ ದರಿದ್ರದವನೇ! ಅಲ್ಲಾಡ್ತಿದೆ ನೋಡು!"

ಗೈಡ್ ಅಬ್ಬರಿಸಿದರು. ಗುಂಡುಕಲ್ಲು ವಾಷಿಂಗ್ ಮೆಷಿನ್ನಿನ ಮೇಲೆ ಇನ್ನಷ್ಟು ಭಾರ ಬಿಟ್ಟು, ಎರಡೂ ಅಂಚು ಹಿಡಿದು, ಕಣ್ಣು ಮುಚ್ಚಿದ. ಕೆಳಗೆ ಗೈಡ್ ಮನೆಯವರ ಬಟ್ಟೆಯೆಲ್ಲ ಗಿರ್ರನೆ ತಿರುಗಿತು. ಮೇಲೆ ಇವನ ಹಲ್ಲುಗಳು ಕಟಕಟನೆ ತಾಳ ಹಾಕಿದವು.

ಮೆಕ್ಯಾನಿಕಲ್ ಇಂಜಿನಿಯರಿಂಗ್‌ನಲ್ಲಿ ಪಿಎಚ್‌ಡಿ ಮಾಡಲು ಬಂದವನ ಸ್ವಂತ ಹೆಸರು ಲ್ಯಾಬಿನಲ್ಲಿ ಯಾರ ನಾಲಿಗೆಯ ಮೇಲೂ ಉಳಿದಿರಲಿಲ್ಲ. ಅಲ್ಲಿ ಮಾಡುವ ಚಾಕರಿಯೇ ಹೆಸರು. ಗೈಡ್ ಮನೆಗೆ ಸೊಪ್ಪು ತಂದು ಸೋಸುವವನು ತರಕಾರಿ. ಅವರ ಅತ್ತೆಯ ನಾಯಿ ತಿರುಗಾಡಿಸುವವಳು ನಾಯಕ್ಕ. ಬಟ್ಟೆ ಹಿಂಡುವಾಗ ಮೆಷಿನ್ನಿನ ಮೇಲೆ ಕೂರುವ ಇವನು ಗುಂಡುಕಲ್ಲು.

ಮೆಷಿನ್ ಹುಟ್ಟಿದಾರಭ್ಯ ಹೀಗಿರಲಿಲ್ಲ. ಕಂಪನಶಾಸ್ತ್ರದಲ್ಲಿ ಗೈಡ್ ಅವರದೇ ಒಂದು ಸೂತ್ರವಿತ್ತು: ಯಂತ್ರದ ಕೆಳಗಿನ ರಬ್ಬರ್ ಕಿತ್ತರೆ ಕುಣಿತ ನಿಲ್ಲುತ್ತದೆ. ಆ ಸೂತ್ರ ನಂಬಿ ಹೊಸ ಮೆಷಿನ್ನಿನ ರಬ್ಬರ್ ಪಾದಗಳನ್ನು ತಾವೇ ಕಿತ್ತು ಕಸಕ್ಕೆ ಎಸೆದಿದ್ದರು. ಅವತ್ತಿನಿಂದ ಅದು ಮನೆಯೆಲ್ಲ ನಡೆಯಲು ಕಲಿತಿತ್ತು.

ರಬ್ಬರ್ ಕಿತ್ತರೆ ಕುಣಿತ ಹೆಚ್ಚುತ್ತದೆ ಎಂದೇ ಗುಂಡುಕಲ್ಲಿನ ಪ್ರಬಂಧದ ನಾಲ್ಕನೇ ಅಧ್ಯಾಯವೂ ಹೇಳುತ್ತಿತ್ತು. ಹಾಗಾಗಿ ಗೈಡ್ ಅದಕ್ಕೆ ಸಹಿ ಹಾಕುತ್ತಿರಲಿಲ್ಲ.

"ಅಂಕಿ ತಿದ್ದು. ನನ್ನ ಸೂತ್ರಕ್ಕೆ ಹೊಂದಬೇಕು. ಇಲ್ಲಾಂದ್ರೆ ಮುದುಕ ಆಗೋವರೆಗೂ ಇದರ ಮೇಲೇ ಕೂತಿರು."

"ಸಾ-ಸಾ-ಸಾರ್, ಮೆಷಿನ್ ತೋರಿಸಿದ್ದನ್ನೇ ಬರ್ದಿದೀನಿ..."

"ನಿನಗೆ ಗೈಡ್ ಮೆಷಿನ್ನೋ, ನಾನೋ? ಪರೀಕ್ಷಕರು ಊಟಕ್ಕೆ ಬರ್ತಿದಾರೆ. ಅವರ ಮುಂದೆ ಬಾಯಿ ಬಿಟ್ಯೋ, ನಿನ್ನ ಪಿಎಚ್‌ಡಿ ಗೋತಾ!"

ಅವರು ಅತ್ತ ಹೋದರು. ಇತ್ತ ಜೇಬಿನ ಫೋನು ಬಡಿದುಕೊಂಡಿತು.

"ಡಾಕ್ಟ್ರಾದ್ಯೇನೋ ಮಗನೇ?"

"ಆ-ಆ-ಆಗ್ತೀನಮ್ಮ."

"ಅಯ್ಯೋ, ಯಾಕೋ ಹಂಗೆ ನಡುಗ್ತಿದೀಯ? ಚಳಿಜ್ವರಾನಾ?"

"ಇ-ಇಲ್ಲಮ್ಮ. ಓ-ಓದ್ತಿದೀನಿ."

"ಇಟ್ಟಿಗೆ ಹೊತ್ತು ಓದಿಸಿದ್ದು ನೀನು ನಡುಗಲಿ ಅಂತಲ್ಲ ಕಣೋ," ಎಂದಳು ತಾಯಿ, ಫೋನಿಟ್ಟಳು.

ಪರೀಕ್ಷಕರು ಬಂದರು. ನಡುಮನೆಯಿಂದ ತಟ್ಟೆಗಳ ಸದ್ದು, ಅದರ ಮೇಲೆ ಗೈಡ್ ಅವರ ಜೇನಿನಂಥ ದನಿ: "ಸಾರ್, ನಮ್ಮ ಸೂತ್ರದಿಂದ ಮನೆ ಮೆಷಿನ್ನೇ ಬಂಡೆ ಥರ ನಿಂತಿದೆ. ನಮ್ಮ ಹುಡುಗನ ಪ್ರಬಂಧದಲ್ಲೂ ಅದೇ ಬಂದಿದೆ."

ಗೈಡ್ ಹೆಂಡತಿ ಒಳಬಂದು ಎರಡು ಕಂಬಳಿ ತುರುಕಿ ಗುಂಡಿ ಒತ್ತಿದರು. "ಮಿಸುಕಾಡಬೇಡಪ್ಪಾ, ದೊಡ್ಡೋರು ಊಟ ಮಾಡ್ತಿದಾರೆ."

ನೀರು ತುಂಬಿತು, ಕಂಬಳಿ ನೆನೆಯಿತು, ತಿರುಗಣೆ ಶುರುವಾಯಿತು. ಹಿಂಡುವ ಹೊತ್ತಿಗೆ ಸರಿಯಾಗಿ ಗುಂಡುಕಲ್ಲು ಕೆಳಗಿಳಿದ.

ಗೋಡೆಗೊರಗಿ ಸೊಪ್ಪು ಸೋಸುತ್ತಿದ್ದ ತರಕಾರಿ ಗಾಬರಿಬಿದ್ದ. "ಲೋ, ಹತ್ತೋ ಮೇಲೆ! ನಿನ್ನ ಜೊತೆ ನಂದೂ ಹಾಳಾಗತ್ತೆ!"

"ಆಗ್ಲಿ ಬಿಡೋ. ಅಂಡು ಸವೆದು ಹಪ್ಪಳ ಆಗಿದೆ."

ಮೆಷಿನ್ ಒಮ್ಮೆ ಮೈ ಮುರಿಯಿತು. ಧಡ್ ಎಂದಿತು. ಧಡಧಡ ಎಂದಿತು. ಬಲಕ್ಕೊಂದು ಹೆಜ್ಜೆ, ಎಡಕ್ಕೊಂದು ಹೆಜ್ಜೆ ಇಟ್ಟು, ಬಾಗಿಲು ದಾಟಿ, ಪೈಪು ಕಿತ್ತುಕೊಂಡು, ಉದ್ದನೆಯ ವೈರನ್ನು ಬಾಲದಂತೆ ಎಳೆಯುತ್ತ, ದಾರಿಯುದ್ದ ನೊರೆ ಚೆಲ್ಲುತ್ತ ಮಹಾರಾಜನಂತೆ ನಡುಮನೆಗೆ ಬಿಜಯಂಗೈದಿತು.

ಪರೀಕ್ಷಕರ ತುತ್ತು ಕೈಯಲ್ಲೇ ಉಳಿಯಿತು. "ಇದೇನ್ರೀ ಇದು?"

"ನಾಲ್ಕನೇ ಅಧ್ಯಾಯ ಸಾರ್," ಎಂದ ಹಿಂದೆಯೇ ಬಂದ ಗುಂಡುಕಲ್ಲು. "ಇನ್ನೂ ತಿದ್ದಿಲ್ಲ."

"ಹಲ್ಕಾ ನನ್ಮಗನೇ!" ಗೈಡ್ ಧಡಕ್ಕನೆ ಎದ್ದರು. "ಕೂತ್ಕೊಳ್ಳೋ! ಮೊದ್ಲು ಕೂತ್ಕೋ!"

ಗುಂಡುಕಲ್ಲು ಕೂತ. ಪರೀಕ್ಷಕರ ಎದುರಿಗೆ, ಗೈಡ್ ಬಿಟ್ಟೆದ್ದ ಕುರ್ಚಿಯ ಮೇಲೆ.

ಮೆಷಿನ್ ಗಾಜಿನ ಕಪಾಟಿನತ್ತ ತಿರುಗಿತು. ಗೈಡ್ ಗಳಿಸಿದ ಪ್ರಶಸ್ತಿಗಳೆಲ್ಲ ಅದರಲ್ಲೇ ಇದ್ದವು. ಬೇರೆ ದಾರಿ ಕಾಣದೆ ಅವರೇ ಹಾರಿ ಮೆಷಿನ್ನಿನ ಮೇಲೆ ಕೂತರು. ಕಡ್ಡಿಯಂಥ ಆಳು, ಮೆಷಿನ್ ಅವರನ್ನೂ ಹೊತ್ತುಕೊಂಡೇ ಹೊರಟಿತು.

"ರಬ್ಬರ್ ತೆಗೆದಾಗ ಆಗೋದು ಇದು ಸಾರ್," ಗುಂಡುಕಲ್ಲು ಶುರುಮಾಡಿದ. "ಮೇಲೆ ಕೂತಿರೋ ಭಾರ ಗಮನಿಸಿ."

ಪರೀಕ್ಷಕರು ಕನ್ನಡಕ ಒರೆಸಿಕೊಂಡು ಗಮನಿಸಿದರು.

"ಪ್ಲ-ಪ್ಲ-ಪ್ಲಗ್ ಕೀ-ಕೀಳ್ರೋ ಯಾರಾದ್ರೂ!"

ಒಳಗೆ ಪ್ಲಗ್ಗಿನ ಹತ್ತಿರ ತರಕಾರಿ ನಿಂತಿದ್ದ. ಕೈ ಚಾಚಿದ. ಬಾಗಿಲಿಂದಾಚೆ ಗುಂಡುಕಲ್ಲಿನ ಮುಖ ನೋಡಿದ. ಆಮೇಲೆ ಎರಡೂ ಕೈಗಳನ್ನು ನಿಧಾನವಾಗಿ ಬೆನ್ನ ಹಿಂದೆ ಕಟ್ಟಿಕೊಂಡ.